ಅಂಧೇರಿಯಲ್ಲಿ ಒಮ್ಮೆ ಎಬ್ಬಿಸು

ವಿಮಲಾಗೆ ಬೇಕಾಗಿದ್ದದ್ದು ಭಾನುವಾರ ಬೆಳಗಿನ ನಿದ್ದೆ, ಅಷ್ಟೆ. ಒಡವೆ ಕೇಳಿದವಳಲ್ಲ, ಬಡ್ತಿ ಕೊಡಿ ಎಂದು ಯಾರ ಮುಂದೂ ಹಲ್ಲು ಗಿಂಜಿದವಳಲ್ಲ. ವಾರವಿಡೀ ನಸುಕಿನಲ್ಲೆದ್ದು, ಕುಕ್ಕರ್ ಇಟ್ಟು, ಗಂಡನಿಗೊಂದು ತನಗೊಂದು ಡಬ್ಬಿ ಕಟ್ಟಿ, ಬೊರಿವಲಿಯಿಂದ ಫೋರ್ಟಿಗೆ ಲೋಕಲ್ಲಿನಲ್ಲಿ ಹೋಗಿಬರುವ ಹೆಂಗಸು, ಒಂದೇ ಒಂದು ದಿನ ಬಿಸಿಲು ಹಾಸಿಗೆಗೆ ಬರುವವರೆಗೆ ಮಲಗಬೇಕು ಎಂದುಕೊಂಡರೆ ಅದು ದುರಾಸೆಯೇ? ಅಲ್ಲ ತಾನೇ? ಹಾಗಿದ್ದೂ ಅದು ಅವಳಿಗೆ ಸಿಗುತ್ತಿರಲಿಲ್ಲ. ಅದನ್ನು ಕಸಿದುಕೊಂಡದ್ದು ಊಟದ ಡಬ್ಬಿಯಷ್ಟಿರುವ ಒಂದು ಪೆಟ್ಟಿಗೆ.

ವಿಮಲಾ ಮೈಸೂರಿನವಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ತಿರುಮಲೇಶನನ್ನು ಮದುವೆಯಾಗಿ ಮುಂಬಯಿಗೆ ಬಂದವಳು. ತಿರುಮಲೇಶ ಕಾಂದಿವಲಿಯ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಾನೆ. ಜಗಳ ಗೊತ್ತಿಲ್ಲದ ಮನುಷ್ಯ, ಆದರೆ ತನ್ನದೇ ಮನೆಯಲ್ಲಿ ಯಾವ ಸಾಮಾನು ಎಲ್ಲಿದೆ ಎಂಬುದೂ ಗೊತ್ತಿಲ್ಲ. ಸಕ್ಕರೆ ಬೇಕಾದರೂ ಹೆಂಡತಿಯನ್ನೇ ಕೇಳಬೇಕು. ಅವಳು ಮಲಗಿದ್ದರೆ ಪಕ್ಕಕ್ಕೆ ಬಂದು ನಿಂತು, ಬಹಳ ಮೆತ್ತಗೆ, "ವಿಮಲಾ, ಮಲಗಿದ್ದೀಯಾ?" ಎಂದು ಕೇಳಿ ಎಬ್ಬಿಸುತ್ತಿದ್ದ. ಮಲಗಿದ್ದವಳು ಆ ಪ್ರಶ್ನೆಗೆ ಏನೆಂದು ಉತ್ತರ ಕೊಡಬೇಕು, ನೀವೇ ಹೇಳಿ.

ಈಗ ಆ ಪೆಟ್ಟಿಗೆಯ ವಿಷಯ. ಎತ್ತರದ ಕಟ್ಟಡಗಳಲ್ಲಿ ಬೆಂಕಿ ಆರಿಸಲೆಂದು ಒಂದು ನೀರಿನ ಪಂಪು ಇಟ್ಟಿರುತ್ತಾರೆ. ವಾರಕ್ಕೊಮ್ಮೆಯಾದರೂ ಸ್ವಲ್ಪ ಹೊತ್ತು ಓಡಿಸದಿದ್ದರೆ ಅದು ತುಕ್ಕು ಹಿಡಿದು ಸಿಕ್ಕಿಕೊಂಡುಬಿಡುತ್ತದೆ. ಬೆಂಕಿ ಬಿದ್ದ ದಿನ ಗುಂಡಿ ಒತ್ತಿದರೆ ಗುರ್ ಎನ್ನುತ್ತದೆಯೇ ಹೊರತು ನೀರು ಬಿಡುವುದಿಲ್ಲ. ಫ್ಲ್ಯಾಟಿನವರೆಲ್ಲ ಸೇರಿ ಮಾಡಿಕೊಂಡ ಸೊಸೈಟಿಯವರಿಗೆ ಇದು ನೆನಪಿರುವುದಿಲ್ಲ. ಅದಕ್ಕೇ ವಿಮಲಾಳ ಕಂಪನಿ ಒಂದು ಪುಟ್ಟ ಕಂಪ್ಯೂಟರನ್ನು ಪೆಟ್ಟಿಗೆಯೊಳಗಿಟ್ಟು ಮಾರುತ್ತಿತ್ತು. ಅದು ವಾರವಿಡೀ ಬ್ಯಾಟರಿ ಉಳಿಸಿಕೊಂಡು ಮಲಗಿರುತ್ತದೆ, ಭಾನುವಾರ ಬೆಳಿಗ್ಗೆ ಎದ್ದು ಪಂಪು ಓಡಿಸುತ್ತದೆ, ಓಡಿತು ಎಂದು ಆಫೀಸಿಗೆ ಮೆಸೇಜು ಕಳಿಸಿ ಮತ್ತೆ ಮಲಗುತ್ತದೆ. ಕೇಳುವುದಕ್ಕೇ ಹೊಟ್ಟೆಕಿಚ್ಚಾಗುವಂಥ ಬದುಕು.

ಕಂಪನಿ ಎಂದರೆ ಭಾರೀ ಏನೋ ಎಂದುಕೊಳ್ಳಬೇಡಿ. ಫೋರ್ಟಿನ ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಎರಡು ಕೋಣೆ, ಕೆಳಗೆ ಒಂದು ಉಡುಪಿ ಹೋಟೆಲು, ಯಾವಾಗಲೂ ಕೆಟ್ಟಿರುವ ಲಿಫ್ಟು. ಶುರು ಮಾಡಿದವರು ಸೋಮನಾಥ ಎಂಬ ಹಿರಿಯರು. ಈಗ ಅವರ ಮಗ ಸುಹಾಸ ಯಜಮಾನ. ಮುಂಬಯಿಯಲ್ಲೇ ಹುಟ್ಟಿ ಬೆಳೆದವನು, ಕನ್ನಡವನ್ನು ತಡವರಿಸಿಕೊಂಡು ಆಡುತ್ತಾನೆ, ಭರವಸೆಗಳನ್ನು ಮಾತ್ರ ಸ್ವಲ್ಪವೂ ತಡವರಿಸದೆ ಕೊಡುತ್ತಾನೆ.

ಪೆಟ್ಟಿಗೆಯ ಕಂಪ್ಯೂಟರು ಮಲಗಿದಾಗ ಅದರೊಳಗೆ ಎಲ್ಲವೂ ಆರಿಹೋಗುತ್ತದೆ. ಎಚ್ಚರವಾಗಿರುವುದು ಉಗುರಿನಷ್ಟು ದೊಡ್ಡ ಒಂದು ಗಡಿಯಾರದ ಚಿಪ್ ಮಾತ್ರ. ಇಂಥ ಹೊತ್ತಿಗೆ ಎಬ್ಬಿಸು ಎಂದು ಅದಕ್ಕೆ ಅಲಾರಂ ಕೊಟ್ಟು ಕಂಪ್ಯೂಟರು ಕಣ್ಣು ಮುಚ್ಚಬೇಕು. ಮೊದಲಿದ್ದ ಚಿಪ್‌ಗೆ ತಾರೀಖು ತಿಳಿಯುತ್ತಿತ್ತು, ಮುಂದಿನ ಭಾನುವಾರ ಎಂದರೆ ಮುಂದಿನ ಭಾನುವಾರ ಎಬ್ಬಿಸುತ್ತಿತ್ತು. ಅದು ಮಾರುಕಟ್ಟೆಯಲ್ಲಿ ಸಿಗದೆ ಹೋದಾಗ ಸುಹಾಸ ಎಲ್ಲಿಂದಲೋ ಬೇರೆಯದನ್ನು ತರಿಸಿದ. ಹೊಸದು ಸಮಯ ಚೆನ್ನಾಗಿ ತೋರಿಸುತ್ತದೆ, ಆದರೆ ಅದರ ಅಲಾರಮ್ಮಿಗೆ ಗಂಟೆ ನಿಮಿಷ ಬಿಟ್ಟು ಬೇರೇನೂ ತಿಳಿಯದು. ಒಂದು ದಿನದೊಳಗಿನ ಅಲಾರಂ ಹಿಡಿದುಕೊಳ್ಳುತ್ತದೆ. ಅದಕ್ಕಿಂತ ದೂರದ್ದನ್ನು ಕೊಟ್ಟರೆ ಆಗುವುದಿಲ್ಲ ಎನ್ನುತ್ತದೆ. ಅದು ಆಗುವುದಿಲ್ಲ ಎಂದ ಕೂಡಲೇ ಕಂಪ್ಯೂಟರು, ನನ್ನನ್ನು ಎಬ್ಬಿಸುವವರೇ ಇಲ್ಲ, ನಾನು ಮಲಗುವುದಿಲ್ಲ ಎಂದು ಕೂತುಬಿಡುತ್ತದೆ. ಎಚ್ಚರವಾಗಿದ್ದು ಎಚ್ಚರವಾಗಿದ್ದು ವಾರದ ಮಧ್ಯದಲ್ಲೇ ಬ್ಯಾಟರಿ ಖಾಲಿ ಮಾಡಿಕೊಂಡು ಸಾಯುತ್ತದೆ. ಭಾನುವಾರ ಪಂಪು ಓಡುವುದಿಲ್ಲ.

ವಿಮಲಾ ಇದನ್ನು ಕಂಡುಹಿಡಿದ ದಿನವೇ ಪರಿಹಾರವನ್ನೂ ಹೇಳಿದ್ದಳು. ಗಡಿಯಾರಕ್ಕೆ ಎಷ್ಟು ದೂರ ಕೈಲಾಗುತ್ತದೋ ಅಷ್ಟಕ್ಕೇ ಅಲಾರಂ ಕೊಡೋಣ. ಅದು ಎಬ್ಬಿಸಲಿ. ಕಂಪ್ಯೂಟರು ಕಣ್ಣು ಬಿಟ್ಟು, ಭಾನುವಾರ ಬಂತೇ ಎಂದು ನೋಡಲಿ. ಬಂದಿಲ್ಲವಾದರೆ ಮತ್ತೊಮ್ಮೆ ಅಷ್ಟೇ ದೂರಕ್ಕೆ ಅಲಾರಂ ಕೊಟ್ಟು ಮಲಗಲಿ. ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತಿನ ಕೆಲಸ.

ಸುಹಾಸನಿಗೆ ಇದು ಹಿಡಿಸಲಿಲ್ಲ.

"ಮೇಡಂ, ಕಸ್ಟಮರ್‌ಗೆ ನಾವು ಪ್ರಾಮಿಸ್ ಮಾಡಿದ್ದೀವಿ ನಾ? ಪೂರಾ ವಾರ ಡೀಪ್ ಸ್ಲೀಪ್ ಅಂತ ಬ್ರೋಷರ್‌ನಲ್ಲೇ ಇದೆ. ನೀವು ದಿನಾ ಎಬ್ಬಿಸ್ತೀನಿ ಅಂತೀರಿ."

"ಸರ್, ಅದು ಎದ್ದದ್ದು ಯಾರಿಗೂ ಗೊತ್ತೂ ಆಗಲ್ಲ. ಬ್ಯಾಟರಿಗೂ ಗೊತ್ತಾಗಲ್ಲ."

"ನಿದ್ದೆ ಅಂದ್ರೆ ಬೀಚ್ ಮೇ, ಮಧ್ಯದಲ್ಲಿ, ಏಳಬಾರದು ಮೇಡಂ. ದೊಡ್ಡ ಬ್ಯಾಟರಿ ಹಾಕೋಣ, ಮಲಗದೆ ಇದ್ರೂ ಭಾನುವಾರದ ತನಕ ಬರುತ್ತೆ. ಅಲ್ಲೀವರೆಗೂ ನೀವೇ ಸ್ವಲ್ಪ ನೋಡ್ಕೊಳ್ಳಿ. ಆ ಬಿಲ್ಡಿಂಗುಗಳೆಲ್ಲ ನಿಮ್ಮ ಮನೆ ಹತ್ತಿರವೇ ಅಲ್ವಾ?"

ಹತ್ತಿರವೇ ಹೌದು, ಅವಳ ಕರ್ಮ. ಹೊಸ ಚಿಪ್‌ನ ಪೆಟ್ಟಿಗೆಗಳಷ್ಟೂ ಒಬ್ಬ ಬಿಲ್ಡರ್ ಕಟ್ಟಿಸಿದ ಕಟ್ಟಡಗಳಿಗೆ ಹೋಗಿದ್ದವು, ಬೊರಿವಲಿಯಲ್ಲಿ ಕೆಲವು, ದಹಿಸರಿನಲ್ಲಿ ಕೆಲವು. ಅಂದಿನಿಂದ ಪ್ರತಿ ಭಾನುವಾರ ವಿಮಲಾ ಬೆಳಕು ಹರಿಯುವಾಗ ಎದ್ದು, ಆಟೋ ಹಿಡಿದು, ಕಟ್ಟಡದಿಂದ ಕಟ್ಟಡಕ್ಕೆ ಹೋಗಿ ಬ್ಯಾಟರಿ ಬದಲಿಸಿ ಗುಂಡಿ ಒತ್ತತೊಡಗಿದಳು. ಪೆಟ್ಟಿಗೆಯನ್ನು ದಿನಕ್ಕೊಮ್ಮೆ ಎಬ್ಬಿಸಿದರೆ ಅದರ ನಿದ್ದೆ ಕೆಡುತ್ತದಂತೆ. ಅವಳ ನಿದ್ದೆ ಕೆಟ್ಟರೆ ಕೇಳುವವರು ಯಾರು? ಬ್ರೋಷರಿನಲ್ಲಿ ಅವಳ ಬಗ್ಗೆ ಏನೂ ಬರೆದಿರಲಿಲ್ಲ.

ದಹಿಸರಿನ ಒಂದು ಕಟ್ಟಡದ ವಾಚ್‌ಮನ್ ಶರಣು, ಯಾದಗಿರಿ ಕಡೆಯವನು. ಅವನಿಗಾದರೂ ಈ ಗುಂಡಿ ಒಪ್ಪಿಸೋಣವೆಂದು ವಿಮಲಾ ನೋಡಿದ್ದಳು.

"ಶರಣು, ಬ್ಯಾಟರಿ ಇಲ್ಲೇ ಇಟ್ಟು ಹೋಗ್ತೀನಿ. ಭಾನುವಾರ ನೀನೇ ಹಾಕಿ ಇದನ್ನ ಒತ್ತಿಬಿಡಪ್ಪ, ನಾನು ಬರೋದು ತಪ್ಪುತ್ತೆ."

"ನಾ ಒತ್ತಾಕ ತಯಾರ ಅದೀನ್ರಿ ಅಕ್ಕಾರ. ಆದ್ರ ಪಂಪಿನ ಖೋಲ್ಯಾಗ ಕಾಲಿಟ್ರ ನೌಕರಿ ಹೋಗತೈತಿ ಅಂತ ಸೊಸೈಟ್ಯಾಗ ಹೇಳ್ಯಾರ್ರಿ. ನೀವ ಬರ್ರಿ, ನಾ ಚಾ ತರಸ್ತೀನಿ."

ಚಹಾ ಒಳ್ಳೆಯದೇ ಇರುತ್ತಿತ್ತು. ಆದರೆ ನಿದ್ದೆಯ ಬದಲಿಗೆ ಚಹಾ ಕುಡಿದು ಎಷ್ಟು ಭಾನುವಾರ ತಳ್ಳುವುದು? ಮನೆಗೆ ಬಂದು ಮತ್ತೆ ಮಲಗೋಣವೆಂದರೆ ತಿರುಮಲೇಶ ಎದ್ದಿರುತ್ತಿದ್ದ. "ವಿಮಲಾ, ಮಲಗಿದ್ದೀಯಾ? ನನ್ನ ಕನ್ನಡಕ ನೋಡಿದ್ಯಾ?" ಕನ್ನಡಕ ಅವನ ಅಂಗಿಯ ಜೇಬಿನಲ್ಲೇ ಇರುತ್ತಿತ್ತು.

ಹೀಗಾಗಿ ವಿಮಲಾಗೆ ಉಳಿದದ್ದು ಲೋಕಲ್ ರೈಲಿನ ನಿದ್ದೆ. ಬೊರಿವಲಿಯಲ್ಲೇ ಹೊರಡುವ ಗಾಡಿಯಾದ್ದರಿಂದ ಸ್ವಲ್ಪ ಮೊದಲು ಹೋದರೆ ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಪಕ್ಕ ಜಾಗ ಸಿಗುತ್ತದೆ. ಕೂತ ತಕ್ಷಣ ದುಪಟ್ಟಾ ಮುಖಕ್ಕೆಳೆದುಕೊಂಡರೆ ಅವಳಿಗೆ ನಿದ್ದೆ. ಪಕ್ಕದಲ್ಲಿ ಗೆಳತಿ ಸಾಧನಾ ಕೂರುತ್ತಿದ್ದಳು. ಸಾಧನಾ ಬೆಂಗಳೂರಿನವಳು, ಅಂಧೇರಿಯ ಇನ್ಶೂರೆನ್ಸ್ ಆಫೀಸೊಂದರಲ್ಲಿ ಕೆಲಸ.

ಲೋಕಲ್ಲಿನ ಒಂದು ರೂಢಿ ಹೊರಗಿನವರಿಗೆ ಗೊತ್ತಿರುವುದಿಲ್ಲ. ನಿಂತವರು ಕೂತವರನ್ನು ಮೊದಲು ಕೇಳುವುದೇ ಎಲ್ಲಿ ಇಳಿಯುತ್ತೀರಿ ಎಂದು. ಹೇಳಿದರೆ ಆ ಜಾಗ ಕೇಳಿದವರಿಗೆ ಬರೆದಿಟ್ಟ ಹಾಗೆ. ಹೀಗೆ ಡಬ್ಬಿಯಲ್ಲಿ ಯಾರು ಎಲ್ಲಿಳಿಯುತ್ತಾರೆಂಬುದು ಎಲ್ಲರಿಗೂ ಗೊತ್ತು. ಮಲಗುವವರನ್ನು ಎಬ್ಬಿಸುವುದೂ ಅದೇ ಲೆಕ್ಕದಲ್ಲಿ. ಸಾಧನಾ ದಾರಿಯ ನಡುವಿನ ಅಂಧೇರಿಯಲ್ಲಿ ಇಳಿಯುವವಳು, ಫೋರ್ಟಿಗೆ ಇಳಿಯಬೇಕಾದ ಚರ್ಚ್‌ಗೇಟಿನಲ್ಲಿ ವಿಮಲಾಳನ್ನು ಎಬ್ಬಿಸುವುದು ಅವಳಿಂದಾಗದು. ಅದಕ್ಕೇ ದಿನಾ ಅಂಧೇರಿ ಬರುತ್ತಲೇ ವಿಮಲಾಳ ಭುಜ ತಟ್ಟುತ್ತಿದ್ದಳು. "ನಾನು ಇಳೀತಿದ್ದೀನಿ ಕಣೆ, ಇವರು ಚರ್ಚ್‌ಗೇಟ್ ತನಕ ಹೋಗ್ತಾರೆ, ಇವರಿಗೆ ಹೇಳು" ಎಂದು ತನ್ನ ಜಾಗಕ್ಕೆ ಬಂದವಳನ್ನು ತೋರಿಸುತ್ತಿದ್ದಳು. ವಿಮಲಾ ಅರೆಗಣ್ಣು ಬಿಟ್ಟು ಆಕೆಗೆ ಒಂದು ಮಾತು ಹೇಳಿ ಮತ್ತೆ ಮಲಗುತ್ತಿದ್ದಳು. ಹೇಳಿದರೆ ಮುಗಿಯಿತು, ಗುರುತಿಲ್ಲದವಳೂ ತಪ್ಪದೆ ಎಬ್ಬಿಸುತ್ತಾಳೆ.

ಇಷ್ಟು ಒಳ್ಳೆಯ ಏರ್ಪಾಡಿನ ಮೇಲೂ ವಿಮಲಾಗೆ ಸಿಟ್ಟು ಬಂದದ್ದು ಆ ಶುಕ್ರವಾರ.

ಅದೇನು ಸುಮ್ಮನೆ ಶುಕ್ರವಾರವಲ್ಲ. ಪೆಟ್ಟಿಗೆಗಳು ಸಾಯುತ್ತಿವೆ ಎಂದು ಬಿಲ್ಡರಿಗೆ ಹೇಗೋ ಗೊತ್ತಾಗಿ, ಅವರ ಕಟ್ಟಡಗಳ ಉಸ್ತುವಾರಿ ನೋಡುವ ಸುಭಾಷ ಎಂಬಾತ ಬೆಳಿಗ್ಗೆ ಆಫೀಸಿಗೆ ಬರುವವನಿದ್ದ. ಸುಹಾಸ ಅವನಿಗೆ ದೊಡ್ಡ ಬ್ಯಾಟರಿಯ ಕಥೆ ಹೇಳುವವನು. ಆ ಬ್ಯಾಟರಿ ಬರುವುದು ಯಾವ ಕಾಲಕ್ಕೋ. ಸುಭಾಷ ಅದಕ್ಕೆ ತಲೆಯಾಡಿಸಿಬಿಟ್ಟರೆ ಮಳೆಗಾಲ ಕಳೆದು ದೀಪಾವಳಿ ಬಂದರೂ ವಿಮಲಾ ಭಾನುವಾರಗಳಂದು ಗುಂಡಿ ಒತ್ತುತ್ತಲೇ ಇರಬೇಕು. ಅದಕ್ಕೆ ಮೊದಲು ತಾನು ಬಾಯಿ ತೆರೆಯಬೇಕು ಎಂದು ಅವಳು ಹಟ ತೊಟ್ಟಿದ್ದಳು. ತನ್ನ ಉಪಾಯವನ್ನು ಒಂದು ಪೆಟ್ಟಿಗೆಗೆ ಹಾಕಿ, ಯಾರಿಗೂ ಹೇಳದೆ ಮೇಜಿನ ಮೇಲೆ ವಾರಗಟ್ಟಲೆ ನಡೆಸಿ ನೋಡಿದ್ದಳು. ಏನು ಹೇಳಬೇಕು, ಸುಹಾಸ ಅಡ್ಡ ಬಾಯಿ ಹಾಕಿದರೆ ಏನು ಹೇಳಬೇಕು ಎಂದು ಯೋಚಿಸುತ್ತ ಹಿಂದಿನ ರಾತ್ರಿ ಕಣ್ಣೇ ಹತ್ತಿರಲಿಲ್ಲ.

ರೈಲಿನಲ್ಲಿ ಕೂತು ಸಾಧನಾಗೆ ಹೇಳಿದಳು. "ಇವತ್ತು ಅಂಧೇರೀಲಿ ಎಬ್ಬಿಸಬೇಡ ಕಣೆ. ಕೈ ಮುಗೀತೀನಿ. ದಿನಾ ಒಳ್ಳೇ ನಿದ್ದೆ ಹತ್ತಿರೋವಾಗ ತಟ್ಟುತೀಯ. ಒಂದು ದಿನ ಸರಿಯಾಗಿ ಮಲಗ್ತೀನಿ."

"ಆಮೇಲೆ ಎಬ್ಬಿಸೋರು ಯಾರೇ?"

"ಚರ್ಚ್‌ಗೇಟ್ ಕೊನೇ ಸ್ಟೇಷನ್ ತಾನೇ? ಎಲ್ರೂ ಇಳೀತಾರೆ, ಆ ಗಲಾಟೆಗೆ ಹೆಣವೂ ಏಳುತ್ತೆ."

ಸಾಧನಾ ಅಂಧೇರಿ ಬಂದಾಗ ವಿಮಲಾಳ ಬ್ಯಾಗಿನ ಪಟ್ಟಿಯನ್ನು ಅವಳ ಕೈಗೆ ಸುತ್ತಿ, ಸದ್ದಿಲ್ಲದೆ ಇಳಿದುಹೋದಳು.

ಹೆಣ ಏಳುತ್ತಿತ್ತೋ ಏನೋ, ವಿಮಲಾ ಏಳಲಿಲ್ಲ. ಚರ್ಚ್‌ಗೇಟಿನಲ್ಲಿ ಎಲ್ಲರೂ ಇಳಿದರು. ವಾಪಸು ಹೋಗುವ ಹೆಂಗಸರು ಹತ್ತಿ ಕೂತರು. ಮೂಲೆಯಲ್ಲಿ ದುಪಟ್ಟಾ ಹೊದ್ದವಳನ್ನು ಅವರು ತಮ್ಮ ಹಾಗೆಯೇ ಈಗ ಹತ್ತಿದವಳು ಎಂದುಕೊಂಡರು. ಗಾಡಿ ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟಿತು.

ವಿಮಲಾಗೆ ಒಮ್ಮೆ ಅರೆ ಎಚ್ಚರವಾದದ್ದು ಮಾಹಿಮ್ ಖಾಡಿಯ ಕೊಳಕು ನೀರಿನ ವಾಸನೆಗೆ. ಆ ವಾಸನೆ ಯಾರನ್ನೂ ಬಿಡುವುದಿಲ್ಲ. ಓ, ಇನ್ನೂ ಮಾಹಿಮ್, ಮುಂದೆ ದಾದರ್, ಬೇಕಾದಷ್ಟು ಹೊತ್ತಿದೆ ಎಂದುಕೊಂಡು ನೆಮ್ಮದಿಯಿಂದ ಮತ್ತೆ ಕಣ್ಣು ಮುಚ್ಚಿದಳು. ಅಂಥ ನೆಮ್ಮದಿ ಅವಳಿಗೆ ಎಷ್ಟೋ ತಿಂಗಳಿಂದ ಸಿಕ್ಕಿರಲಿಲ್ಲ.

ಆಮೇಲೆ ಯಾರೋ ಹುಡುಗಿ ಮೊಣಕೈ ಮುಟ್ಟಿದಳು. "ಆಂಟಿ, ಕಹಾಂ ಉತರೋಗೆ?"

ಎಲ್ಲಿ ಇಳಿಯುತ್ತೀರಿ ಎಂದು ಜಾಗಕ್ಕಾಗಿ ಕೇಳುತ್ತಿದ್ದಾಳೆ ಎಂದುಕೊಂಡು ವಿಮಲಾ ದುಪಟ್ಟಾದೊಳಗಿಂದಲೇ ಉತ್ತರಿಸಿದಳು. "ಚರ್ಚ್‌ಗೇಟ್."

ಸುತ್ತ ನಿಂತವರು ಕಿಸಕ್ಕೆಂದರು. "ಆಂಟಿ, ಚರ್ಚ್‌ಗೇಟ್ ತೋ ಪೀಛೆ ಗಯಾ. ಅಂಧೇರಿ ಆ ರಹಾ ಹೈ."

ಚರ್ಚ್‌ಗೇಟ್ ಹಿಂದೆ ಉಳಿದು, ಮತ್ತೆ ಅಂಧೇರಿ ಬರುತ್ತಿದೆಯಂತೆ! ದುಪಟ್ಟಾ ಸರಿಸಿ ನೋಡಿದರೆ ಕಿಟಕಿಯಾಚೆಯ ಕಟ್ಟಡಗಳು ಉಲ್ಟಾ ದಿಕ್ಕಿಗೆ ಓಡುತ್ತಿವೆ, ಎದುರಿನ ಮುಖಗಳೆಲ್ಲ ಬೇರೆ. ಫೋನು ನೋಡಿದಳು. ಸುಭಾಷ ಬರುವ ಹೊತ್ತು ಆಗಿಹೋಗಿತ್ತು. ಸುಹಾಸನ ಕರೆಗಳು ಸಾಲಾಗಿ ಬಂದು ಬಿದ್ದಿದ್ದವು. ಜನರನ್ನು ತಳ್ಳಿಕೊಂಡು ಅಂಧೇರಿಯಲ್ಲಿ ಇಳಿದು, ಪ್ಲಾಟ್‌ಫಾರ್ಮಿನಲ್ಲಿ ನಿಂತುಕೊಂಡೇ ಫೋನು ಮಾಡಿದಳು. ಅಳು ಬರುವ ಹಾಗಿತ್ತು, ಅದಕ್ಕಿಂತ ಹೆಚ್ಚಾಗಿ ತನ್ನ ತಲೆಗೆ ತಾನೇ ಒಂದು ಬಿಗಿಯಬೇಕು ಎನ್ನಿಸುತ್ತಿತ್ತು.

"ಮೇಡಂ, ಎಲ್ಲಿದ್ದೀರಿ? ಸುಭಾಷ್‌ಜಿ ಬಂದು ಕೂತಿದ್ದಾರೆ."

"ಅಂಧೇರೀಲಿ ಸರ್."

"ಇನ್ನೂ ಅಂಧೇರಿನಾ? ಮನೆ ಬಿಟ್ಟಿದ್ದೇ ಲೇಟಾ?"

"ಇಲ್ಲ ಸರ್. ಚರ್ಚ್‌ಗೇಟಿಗೆ ಹೋಗಿ ವಾಪಸ್ ಬಂದಿದ್ದೀನಿ. ನಿದ್ದೆ ಬಂದುಬಿಡ್ತು."

"ಯಾರೂ ಎಬ್ಬಿಸಲಿಲ್ವಾ?"

"ಎಬ್ಬಿಸಬೇಡ ಅಂತ ನಾನೇ ಹೇಳಿದ್ದೆ ಸರ್."

ಹಾಗೆಂದ ಮೇಲೆ ಅವಳಿಗೇ ಏನೋ ಹೊಳೆದ ಹಾಗಾಯಿತು. ಎದುರಿನ ಪ್ಲಾಟ್‌ಫಾರ್ಮಿಗೆ ಬಂದ ಗಾಡಿ ಹತ್ತಿ, ಈ ಸಲ ಜಾಗ ಸಿಕ್ಕರೂ ಕೂರದೆ, ಬಾಗಿಲ ಬಳಿ ನಿಂತೇ ಚರ್ಚ್‌ಗೇಟ್ ಮುಟ್ಟಿದಳು.

ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಒಳಗೆ ಬಂದಾಗ ಸುಹಾಸ ದೊಡ್ಡ ಬ್ಯಾಟರಿಯ ಚಿತ್ರವನ್ನು ಗೋಡೆಯ ಮೇಲೆ ತೋರಿಸಿ ಮುಗಿಸುತ್ತಿದ್ದ. ಸುಭಾಷ ವಿಜಯಪುರದ ಕಡೆಯ ಮಧ್ಯವಯಸ್ಸಿನ ಆಸಾಮಿ. ಮುಂದಿದ್ದ ಚಹಾ ತಣ್ಣಗಾಗಿತ್ತು, ಮುಖವೂ ಹಾಗೇ ಇತ್ತು.

"ಬನ್ನಿ ಮೇಡಂ" ಎಂದ ಸುಹಾಸ. "ಸಾರಿ ಸುಭಾಷ್‌ಜಿ, ಇವರು ಟ್ರೈನಿನಲ್ಲಿ ಮಲಗಿಬಿಟ್ರು. ದಿನಾ ಇವರನ್ನ ಯಾರೋ ಎಬ್ಬಿಸ್ತಾರಂತೆ, ಇವತ್ತು ಎಬ್ಬಿಸಲಿಲ್ವಂತೆ."

ಹೀಗೆಂದು ಸುಹಾಸ ನಕ್ಕದ್ದನ್ನು ನೋಡಿ ವಿಮಲಾಳ ಮೈ ಉರಿದುಹೋಯಿತು. ರಾತ್ರಿಯಿಡೀ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಎಲ್ಲಿಗೋ ಹೋದವು. ಬ್ಯಾಗನ್ನು ಮೇಜಿನ ಮೇಲೆ ಇಟ್ಟು, ನಿಂತುಕೊಂಡೇ ಹೇಳಿದಳು.

"ಹೌದು ಸರ್, ಮಲಗಿಬಿಟ್ಟೆ. ನನ್ನ ಎಬ್ಬಿಸೋಳು ಅಂಧೇರೀಲಿ ಇಳೀತಾಳೆ. ಅವಳ ಕೈಲಿ ಆಗೋದು ಅಲ್ಲೀವರೆಗೆ ಮಾತ್ರ. ದಿನಾ ಅಲ್ಲಿ ತಟ್ಟುತಾಳೆ, ನಾನು ಕಣ್ಣು ಬಿಟ್ಟು ಎಲ್ಲಿದ್ದೀನಿ ನೋಡಿ, ಪಕ್ಕದವರಿಗೆ ಹೇಳಿ ಮತ್ತೆ ಮಲಗ್ತೀನಿ. ಅಷ್ಟರಿಂದ ನನ್ನ ನಿದ್ದೆ ಏನೂ ಹಾಳಾಗಿರಲಿಲ್ಲ. ಇವತ್ತು ದುರಾಸೆಗೆ ಬಿದ್ದು, ನಡುವೆ ಎಬ್ಬಿಸಲೇಬೇಡ ಅಂದೆ. ಏನಾಯ್ತು ಅಂತ ನೋಡ್ತಿದ್ದೀರಲ್ಲ. ನಮ್ಮ ಪೆಟ್ಟಿಗೇಲಿರೋ ಗಡಿಯಾರಾನೂ ಅಂಧೇರೀಲಿ ಇಳಿಯೋದೇ ಸರ್. ಚರ್ಚ್‌ಗೇಟಲ್ಲಿ ಎಬ್ಬಿಸು ಅಂದ್ರೆ ಅದು ಆಗಲ್ಲ ಅನ್ನುತ್ತೆ. ಪೆಟ್ಟಿಗೆ ನನಗಿಂತ ಜಾಣ, ಎಬ್ಬಿಸೋರಿಲ್ಲ ಅಂದ ತಕ್ಷಣ ಮಲಗೋದೇ ಇಲ್ಲ, ಕೂತು ಕೂತು ಸಾಯುತ್ತೆ. ಅದಕ್ಕೆ ದೊಡ್ಡ ಬ್ಯಾಟರಿ ಯಾಕೆ? ಅಂಧೇರೀಲಿ ಒಮ್ಮೆ ಎಬ್ಬಿಸಿ ಅಂತ ಎಷ್ಟು ತಿಂಗಳಿಂದ ಬಡ್ಕೋತಿದ್ದೀನಿ."

ಕೆಲಸ ಹೋಯಿತು ಎಂದು ವಿಮಲಾ ಅಂದುಕೊಂಡಳು. ಹೋದರೆ ಹೋಗಲಿ, ಭಾನುವಾರವಾದರೂ ಮಲಗಬಹುದು ಎಂದೂ ಅಂದುಕೊಂಡಳು.

ಸುಭಾಷ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಮುಖ ಸಡಿಲಾಗಿತ್ತು. "ಮೇಡಂ, ನಾ ದಹಿಸರದಾಗ ಇರಾಂವ. ಒಂದ್ ದಿನ ಸಂಜೀಮುಂದ ಮಲಕೊಂಡು ಕಡೀ ಸ್ಟೇಷನ್ ವಿರಾರ ತನಕ ಹೋಗೀನ್ರಿ. ಮನ್ಯಾಗ ಇವತ್ತಿಗೂ ಆಡ್ಕೊಂಡ ನಗ್ತಾರ. ಇದು ನನಗ ತಿಳೀತು. ಹಂಗ ದಿನಾ ಎಬ್ಬಿಸಿದ್ರ ಬ್ಯಾಟರಿ ಎಷ್ಟ ತಿಂತೈತ್ರಿ?"

ವಿಮಲಾ ತನ್ನ ಮೇಜಿನ ಮೇಲಿದ್ದ ಪೆಟ್ಟಿಗೆಯನ್ನು ತಂದು ಅವನ ಮುಂದಿಟ್ಟು ಮುಚ್ಚಳ ತೆಗೆದಳು. ಅಷ್ಟು ವಾರ ದಿನಾ ಎದ್ದು ಮಲಗಿದರೂ ಬ್ಯಾಟರಿ ಬಹುಪಾಲು ತುಂಬಿಯೇ ಇತ್ತು. ಸುಭಾಷ ಅದನ್ನು ತಿರುಗಿಸಿ ತಿರುಗಿಸಿ ನೋಡಿದ, ಆಮೇಲೆ ಸುಹಾಸನ ಕಡೆ ನೋಡಿದ.

"ಮತ್ತ ಇದನ್ನ ಹಾಕ್ರಲ್ಲ. ಆ ಡಬಲ್ ಬ್ಯಾಟರಿ ಇಡಾಕ ಪಂಪ್ ರೂಮಿನ್ಯಾಗ ಜಾಗಾ ಎಲ್ಲೈತ್ರಿ?"

ಸುಹಾಸ ಒಂದು ಕ್ಷಣವೂ ತಡಮಾಡಲಿಲ್ಲ. "ಅದೇ ನಾನೂ ಮೊದಲಿನಿಂದ ಹೇಳ್ತಿದ್ದೆ, ಅಲ್ವಾ ಮೇಡಂ?"

ಇದಕ್ಕೆ ಏನು ಹೇಳುತ್ತೀರಿ? ಅಷ್ಟು ತಿಂಗಳು ಚಿತ್ರ ಬಿಡಿಸಿ, ಬಾಯಿ ನೋಯುವಷ್ಟು ವಿವರಿಸಿ ಆಗದ ಕೆಲಸ, ಒಂದು ದಿನ ಎಚ್ಚರ ತಪ್ಪಿ ಮಲಗಿದ್ದಕ್ಕೆ ಆಯಿತು. ವಿಮಲಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಳಗಿಳಿದು ಹೋಟೆಲಿನಲ್ಲಿ ಇಡ್ಲಿ ತಿಂದು ಬಂದಳು.

ಶನಿವಾರ ಅವಳೇ ಕಟ್ಟಡಗಳಿಗೆಲ್ಲ ಹೋಗಿ ಪೆಟ್ಟಿಗೆಗಳಿಗೆ ಹೊಸ ಬ್ಯಾಟರಿ ಹಾಕಿ ಹೊಸ ಬುದ್ಧಿ ಹೇಳಿಕೊಟ್ಟಳು. ಕೊನೆಯದು ಶರಣುವಿನ ಕಟ್ಟಡ. ಅವನು ಎಂದಿನಂತೆ ಚಹಾ ತರಿಸಿದ.

"ನಾಳೆ ಎಷ್ಟೊತ್ತಿಗೆ ಬರ್ತೀರಿ ಅಕ್ಕಾರ?"

"ನಾಳೆ ಬರಲ್ಲ ಶರಣು. ನಾಳೆ ಮಲಗ್ತೀನಿ."

"ಮಲಕೋರಿ" ಎಂದ ಶರಣು. ಆ ಮಾತನ್ನು ಅವಳಿಗೆ ಅಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ.

ಆ ಸಂಜೆ ತಿರುಮಲೇಶನಿಗೆ ಅಂಧೇರಿಯ ಕಥೆಯನ್ನೆಲ್ಲ ಹೇಳಿದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ, "ಇಷ್ಟು ದಿನ ನಿಂಗೆ ನಿದ್ದೆಯೇ ಇರಲಿಲ್ವಾ ವಿಮಲಾ?" ಎಂದು ಕೇಳಿದ. ಪಕ್ಕದಲ್ಲೇ ಮಲಗುವ ಗಂಡ ಕೇಳುವ ಪ್ರಶ್ನೆಯೇ ಇದು? ಅವಳು ಬೇಗ ಊಟ ಮುಗಿಸಿ ಮಲಗಿದಳು.

ಭಾನುವಾರ ಬೆಳಗಾಯಿತು. ಪರದೆ ಎಳೆದಿತ್ತು, ಹಾಲಿನವನು ಬೆಲ್ ಮಾಡದೆ ಚೀಲದಲ್ಲಿ ಪಾಕೀಟು ಹಾಕಿ ಹೋಗಿದ್ದ. ವಿಮಲಾ ಗಾಢ ನಿದ್ದೆಯಲ್ಲಿದ್ದಳು. ಆಗ ದಿಂಬಿನ ಪಕ್ಕದ ಫೋನು ಬಡಿದುಕೊಳ್ಳತೊಡಗಿತು. ಪೆಟ್ಟಿಗೆಗಳು ಎದ್ದಿಲ್ಲವೇನೋ ಎಂದು ಅವಳು ಗಾಬರಿಯಿಂದ ಎತ್ತಿಕೊಂಡಳು.

"ಮೇಡಂ, ಮಲಗಿದ್ರಾ?" ಸುಹಾಸನ ಧ್ವನಿ. "ಎಲ್ಲಾ ಪಂಪ್ ತಾವೇ ಓಡಿದ್ವು. ಮೆಸೇಜ್ ಬಂತು. ನೀವು ಇವತ್ತು ಏಳೋದೇ ಬೇಕಾಗಿಲ್ಲ. ಅದನ್ನೇ ಹೇಳೋಣ ಅಂತ ಫೋನ್ ಮಾಡಿದೆ."

ವಿಮಲಾ ಫೋನನ್ನು ಕಿವಿಗೆ ಹಿಡಿದೇ ಎದ್ದು ಕೂತಳು. ಬಾಗಿಲಲ್ಲಿ ತಿರುಮಲೇಶ ಬಂದು ನಿಂತಿದ್ದ, ಕೈಯಲ್ಲಿ ಖಾಲಿ ಕಾಫಿ ಫಿಲ್ಟರು. ಏನೋ ಕೇಳಲೆಂದೇ ಬಂದಿದ್ದವನು ಅವಳ ಮುಖ ನೋಡಿದ. ಒಳಗೆ ಬಂದು ಅವಳ ಕೈಯಿಂದ ಫೋನು ತೆಗೆದುಕೊಂಡ.

"ಸುಹಾಸ್ ಅವರೇ, ನಾನು ತಿರುಮಲೇಶ. ವಿಮಲಾ ಇನ್ನೂ ಅಂಧೇರೀಲಿದ್ದಾಳೆ. ಚರ್ಚ್‌ಗೇಟ್ ಬಂದ ಮೇಲೆ ಅವಳೇ ಮಾತಾಡ್ತಾಳೆ."

ಅಷ್ಟು ಹೇಳಿ ಫೋನನ್ನು ಆರಿಸಿ ತನ್ನ ಜೇಬಿಗೆ ಹಾಕಿಕೊಂಡ. ಇನ್ನೊಂದು ಕೈಯಲ್ಲಿದ್ದ ಫಿಲ್ಟರನ್ನು ಬೆನ್ನ ಹಿಂದೆ ಸರಿಸಿದ.

"ನಿಮಗೇನು ಬೇಕಿತ್ತು ರೀ?" ಎಂದು ಕೇಳಿದಳು ವಿಮಲಾ.

"ಏನೂ ಇಲ್ಲ. ಇನ್ನೂ ದೂರ ಇದೆ, ಮಲಗು."

ಅವನು ಬಾಗಿಲು ಎಳೆದುಕೊಂಡು ಹೋದ. ಅಡುಗೆಮನೆಯಲ್ಲಿ ಒಂದಾದ ಮೇಲೊಂದು ಡಬ್ಬದ ಮುಚ್ಚಳ ತೆರೆಯುವ ಸದ್ದು ಕೇಳಿಸಿತು. ಯಾವುದೋ ಒಂದು ಉರುಳಿ ಕೆಳಗೆ ಬಿತ್ತು. ಕಾಫಿ ಪುಡಿ ಮೇಲಿನ ಹಲಗೆಯಲ್ಲಿ, ಸಕ್ಕರೆಯ ಹಿಂದೆ ಇದೆ ಎಂಬ ಮಾತು ವಿಮಲಾಳ ನಾಲಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು ಅವಳು ಗೋಡೆಯ ಕಡೆಗೆ ಮಗ್ಗುಲಾದಳು.